ಶೆಟ್ರ ಸೈಟು

"ಜಾಗ ಹೇಗುಂಟು ನೋಡಿ. ರಸ್ತೆ ಬದಿ, ಹದಿನೈದು ಸೆಂಟ್ಸ್, ಒಳ್ಳೆ ವ್ಯೂ," ಎಂದು ಶೆಟ್ರು ಬೇಲಿಯಾಚೆಯಿಂದ ಮೊಬೈಲ್ ಚಾಚಿದರು. ಬಂಟ್ವಾಳ ಕಡೆಯ ಗುಡ್ಡವೊಂದನ್ನು ಜೆಸಿಬಿಯಲ್ಲಿ ಕೊಯ್ದು ಮಾಡಿದ ಸೈಟು. ನಾನು ವ್ಯೂ ಬಿಟ್ಟು ಹಿಂದಿನ ಧರೆ ನೋಡಿದೆ. ಮೇಲೆ ಆಳೆತ್ತರ ಕೆಂಪು ಮುರಕಲ್ಲು, ಅದರಡಿ ಬಿಳಿ, ಹಳದಿ, ತಿಳಿಗುಲಾಬಿ ಪಟ್ಟೆಗಳು. ಫೋಟೋಕ್ಕೇನೋ ಚಂದ.

"ಶೆಟ್ರೇ, ಇದು ಶೇಡಿ ಮಾರಾಯ್ರೆ!"

ನಮ್ಮ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯಲ್ಲಿ ಮನೆ ಕಟ್ಟುವವನ ಹಣೆಬರಹ ಬಹುಮಟ್ಟಿಗೆ ಈ ಎರಡು ಪದರಗಳಲ್ಲಿದೆ: ಮೇಲೆ ಮುರಕಲ್ಲು, ಅಡಿಯಲ್ಲಿ ಶೇಡಿಮಣ್ಣು. ಮುರ ನಂಬಿಗಸ್ತ. ನೆಲದೊಳಗೆ ಕಡಿಯಲಿಕ್ಕೆ ಬರುವಷ್ಟು ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಬುಕಾನನ್ ಎಂಬ ಬ್ರಿಟಿಷ್ ದೊರೆ 1807ರ ತನ್ನ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಡುವ ಹೊತ್ತಿಗೆ ನಮ್ಮವರು ಅದರಲ್ಲೇ ಮನೆ, ಬಾವಿಕಟ್ಟೆ ಕಟ್ಟಿ ಎಷ್ಟೋ ತಲೆಮಾರು ಕಳೆದಿತ್ತು. ಶೇಡಿಯದ್ದು ಬೇರೆ ಬುದ್ಧಿ. ಬೇಸಗೆಯಲ್ಲಿ ಪಿಕ್ಕಾಸಿಗೂ ಜಗ್ಗದು. ನೀರು ಕುಡಿಯಿತೋ, ಚಾಕ್ಕೆ ಅದ್ದಿದ ರಸ್ಕು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಮುರದ ತೂತುಗಳಲ್ಲಿ ಸರ್ರನೆ ಇಳಿದ ನೀರು ಶೇಡಿಯ ಮೇಲೆ ತಡೆದು, ಅಡ್ಡಕ್ಕೆ ಹರಿದು, ಧರೆಯಲ್ಲಿ ಒಸರುತ್ತದೆ. ಅಡಿಯ ಶೇಡಿ ತೊಳೆದುಹೋದರೆ ಮೇಲಿನ ಮುರ ಯಾವ ಆಧಾರದಲ್ಲಿ ನಿಲ್ಲಬೇಕು?

ಇನ್ನು ಸೈಟಿನ ಮುಂಭಾಗ. ಹಿಂದೆ ಕೊಯ್ದ ಮಣ್ಣನ್ನು ಮುಂದೆ ಸುರಿದು ಸಮ ಮಾಡಿರುತ್ತಾರೆ. ಅರ್ಧ ಮನೆ ಹಳೆಯ ನೆಲದ ಮೇಲೆ, ಅರ್ಧ ಹೊಸ ಮಣ್ಣಿನ ಮೇಲೆ. ಎರಡು ಮಳೆಗಾಲ ಕಳೆದಾಗ ಹಾಲ್‌ನ ಗೋಡೆಯಲ್ಲಿ ಬಿರುಕು ಸರಿಯಾಗಿ ಆ ಗಡಿಯಲ್ಲೇ ಮೂಡುತ್ತದೆ. ಆಮೇಲೆ ಮೇಸ್ತ್ರಿಗೆ ಬೈಗುಳ.

"ವಾಸ್ತು ಎಲ್ಲ ನೋಡಿಸಿಯಾಗಿದೆ," ಎಂದರು ಶೆಟ್ರು. ನೋಡಿಸಲಿ. ಆದರೆ ಲೆಕ್ಕ ಹಾಕಿ: ಜಾಗ ಈಶಾನ್ಯಕ್ಕೆ ತಗ್ಗಿರಬೇಕು, ಬಾವಿ ಈಶಾನ್ಯದಲ್ಲಿರಬೇಕು, ಕಕ್ಕಸು ಗುಂಡಿ ವಾಯವ್ಯದಲ್ಲಿ. ಅಂದರೆ ಗುಂಡಿ ಮೇಲೆ, ಬಾವಿ ಕೆಳಗೆ! ನಡುವೆ ಮೂವತ್ತು ಅಡಿ ಇದ್ದರಾಯಿತು ಎನ್ನುವವರಿದ್ದಾರೆ. ಮಣ್ಣು ಸೋಸುವ ಜಾತಿಯದ್ದಾದರೆ ಹೌದು. ಮುರದ ತೂತುಗಳು ಸೋಸುವುದಿಲ್ಲ, ದಾಟಿಸುತ್ತವೆ. ಮಳೆನೀರು ಹಿಡಿಯುವ ದಾರಿಯನ್ನೇ ಗುಂಡಿಯ ನೀರೂ ಹಿಡಿಯುತ್ತದೆ. ವಾಸ್ತುವಿನವರಿಗೆ ಕೊಟ್ಟ ದಕ್ಷಿಣೆಯಲ್ಲಿ ಮೂರು ಕಡೆ ತೋಡಿಸಿ ಅಡಿಯಲ್ಲಿ ಏನಿದೆಯೆಂದು ನೋಡಬಹುದಿತ್ತು.

ಗುಡ್ಡ ಬೇಡವೆಂದು ಬೈಲಿಗಿಳಿದರೆ ಮತ್ತೊಂದು ಪಜೀತಿ. ಹಿರಿಯರು ನೆಲವನ್ನು ಬೆಟ್ಟು, ಮಜಲು, ಬೈಲು ಎಂದು ಸುಮ್ಮನೆ ವಿಂಗಡಿಸಲಿಲ್ಲ; ನೀರು ಎಷ್ಟು ದಿನ ನಿಲ್ಲುತ್ತದೆಂದು ನೋಡಿ ಮಾಡಿದ್ದು. ಬೆಳ್ತಂಗಡಿಯಲ್ಲಿ ನಮ್ಮ ಭಾವ ಬೈಲುಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದ. ಮಳೆ ಜೋರಾಗುವ ಆಟಿ ತಿಂಗಳಲ್ಲಿ ಅಲ್ಲಿ ನೀರು ನೆಲಮಟ್ಟಕ್ಕೇ ಬರುತ್ತದೆ. ಇಂಗುಗುಂಡಿಗೆ ಇಂಗಲಿಕ್ಕೆ ಜಾಗವೆಲ್ಲಿ? ಫ್ಲಶ್ ಒತ್ತಿದರೆ ಗುಳುಗುಳು ಎಂದು ಉತ್ತರ ಬರುತ್ತದೆ. ನೆಂಟರು ಬಂದರೆ ಅಕ್ಕನಿಗೆ ಜೀವ ಕೈಯಲ್ಲಿ. ಇನ್ನು ನದಿ ಹತ್ತಿರವಾದರಂತೂ 1974ರ ನೆರೆಯ ಬಗ್ಗೆ ಬಂಟ್ವಾಳ ಪೇಟೆಯ ಹಿರಿಯರನ್ನು ಕೇಳಿ, 2019ರದ್ದನ್ನು ಚಾರ್ಮಾಡಿ ಕಡೆಯವರನ್ನು ಕೇಳಿ.

ಹಾಗೆಂದು ಗುಡ್ಡದ ಧರೆಯಲ್ಲಿ ಬರುವ ಆ ಒಸರು ಶನಿಯಲ್ಲ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಅದನ್ನೇ ಹುಡುಕಿ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದರು. ಐದು ಕೈಕೊಟ್ಟವು, ಆರನೆಯದರಲ್ಲಿ ನೀರು ಸಿಕ್ಕಿತು. ಬೋಳುಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು.

ಶೆಟ್ರ ಹೆಂಡತಿಯ ಚಿಂತೆ ಬೇರೆ: "ಬಸಳೆ ಬಂದೀತಾ ಅಲ್ಲಿ?" ಕೊಯ್ದ ಸೈಟಿನಲ್ಲಿ ಮೇಲ್ಮಣ್ಣೇ ಇಲ್ಲ, ಶೇಡಿಯಲ್ಲಿ ಬೇರಿಗೆ ಉಸಿರಿಲ್ಲ. ಒಳ್ಳೆ ಕೆಂಪು ಮಣ್ಣಾದರೂ ಹುಳಿ. ಮಳೆ ಪೊಟ್ಯಾಶನ್ನು ತೊಳೆದು ಸಮುದ್ರ ಸೇರಿಸುತ್ತದೆ. ವಿಟ್ಲದ ಸಂಶೋಧನಾ ಕೇಂದ್ರದವರು ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಶ್ 140 ಎಂದು ಹೇಳುವುದರಲ್ಲಿ ಪೊಟ್ಯಾಶಿನದ್ದೇ ಮೇಲುಗೈ. ನಮ್ಮ ಅಜ್ಜಿಯಂದಿರು ತರಗೆಲೆಯ ಮೇಲೆ ಮಣ್ಣು ಹೇರಿ ಬೇಯಿಸುತ್ತಿದ್ದ ಸುಡುಮಣ್ಣಿನಲ್ಲಿ ಬೂದಿಯಿತ್ತು. ಪೊಟ್ಯಾಶೂ ಸಿಕ್ಕಿತು, ಹುಳಿಯೂ ಇಳಿಯಿತು. ಸುಣ್ಣ ಎಷ್ಟು ಬೇಕೆನ್ನುವುದಕ್ಕೆ ಮಾತ್ರ ಮಣ್ಣು ಪರೀಕ್ಷೆಯೇ ಆಗಬೇಕು.

ಶೆಟ್ರು ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಂತೆ, ಪುಣ್ಯ. ನೀವೂ ಈ ಕಡೆ ಜಾಗ ನೋಡುವವರಾದರೆ ಮಾರ್ಚಿನಲ್ಲಿ ನೋಡಿ ಒಪ್ಪಬೇಡಿ. ಬ್ರೋಕರು ಎಷ್ಟೇ ಅವಸರ ಮಾಡಲಿ, ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಒಮ್ಮೆ ಹೋಗಿ. ಆ ಊರಲ್ಲಿ ಬಾವಿ ತೋಡುವವರನ್ನೂ ಜೊತೆಗೆ ಕರೆದುಕೊಳ್ಳಿ.