ಸಾಲ ತೀರಿದ ಮನೆಯ ಬಳಕೆದಾರರ ಕೈಪಿಡಿ

ಮಿಕ್ಸಿ ಕೊಂಡರೆ ಜತೆಗೊಂದು ಪುಸ್ತಕ ಬರುತ್ತದೆ. ಇಬ್ಬರು ಸೇರಿ ಸಾಲ ತೀರಿಸಿ, ತೀರಿಸಿದ ಮೇಲೆ ಒಬ್ಬರೇ ಉಳಿದ ಮನೆಗೆ ಅಂಥ ಪುಸ್ತಕವನ್ನು ಯಾರೂ ಕೊಡುವುದಿಲ್ಲ. ಬ್ಯಾಂಕಿನವರು ‘ನೋ ಡ್ಯೂ’ ಪತ್ರ ಕೊಡುತ್ತಾರೆ, ಸ್ಮಶಾನದವರು ರಸೀದಿ ಕೊಡುತ್ತಾರೆ. ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರುವವರಿಗಾಗಿ ಈ ಕೈಪಿಡಿ. ಬಳಸುವ ಮುನ್ನ ಪೂರ್ತಿ ಓದಿ. ಓದುವಾಗ ಒಂದೇ ಲೈಟು ಉರಿಯಲಿ.

ಡಬ್ಬಿಯೊಳಗೆ ಏನೇನಿದೆ

ಮೂವತ್ತು–ನಲವತ್ತರ ಸೈಟಿನಲ್ಲಿ ಒಂದು ಮನೆ. ಕುಟುಂಬ ಪಿಂಚಣಿ. ಬೀರು ತುಂಬ ಕಾಗದ. ಒಡವೆ ಸಾಲದಿಂದ ಬಿಡಿಸಿ ತಂದ ಎರಡು ಬಳೆ. ಹೊಸ ಸೋಪು ತೆಗೆದಾಗ ಹಳೆಯ ಸೋಪಿನ ಚೂರನ್ನು ಅದರ ಬೆನ್ನಿಗೆ ಅಂಟಿಸುವ ಅಭ್ಯಾಸವಿರುವ ಒಬ್ಬ ವ್ಯಕ್ತಿ. ಮುಖ್ಯವಾದ ಭಾಗವೊಂದು ಡಬ್ಬಿಯಲ್ಲಿ ಇರುವುದಿಲ್ಲ. ಅದಕ್ಕೆ ಬದಲಿ ಸಿಗುವುದಿಲ್ಲ, ಎಲ್ಲಿಯೂ ವಿಚಾರಿಸಬೇಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಾಲದ ವರ್ಷಗಳಲ್ಲಿ ನೀವು ಕೇಳಿ ಕೇಳಿ ಸಾಕಾಗಿರುತ್ತೀರಿ. ಈಗ ಹಾಸಿಗೆಯಲ್ಲಿ ಬೇಕಾದಷ್ಟು ಜಾಗವಿದೆ. ಆದರೂ ನಿಮ್ಮ ಮಗ್ಗುಲಲ್ಲೇ ಮಲಗುತ್ತೀರಿ. ಇದು ದೋಷವಲ್ಲ. ಸರಿಪಡಿಸಲು ಹೋಗಬೇಡಿ.

ಎಚ್ಚರಿಕೆ: ಮೊದಲ ಹನ್ನೊಂದು ದಿನ

ಈ ಅವಧಿಯಲ್ಲಿ ಮನೆಯೊಳಗೆ ಬಾಯಿ ಹೆಚ್ಚು, ಕೈ ಕಡಿಮೆ. ನಾನು ಕಂಡಂತೆ, ಸಾಲ ತೀರಿಸಿ ಉಸಿರುಬಿಟ್ಟ ಸಂಸಾರ ಮತ್ತೆ ಸಾಲಕ್ಕೆ ಬೀಳುವುದು ಇಲ್ಲಿಯೇ. ರಾಮ್ ರೆಡ್ಡಿ ಅವರ ‘ತಿಥಿ’ (2015) ಸಿನಿಮಾ ನೋಡಿದವರಿಗೆ ಗೊತ್ತು: ಸತ್ತವರು ಸೆಂಚುರಿ ಗೌಡರು, ಅವರ ಮಗ ಗಡ್ಡಪ್ಪ ಹಾಯಾಗಿ ತಿರುಗಾಡಿಕೊಂಡಿರುತ್ತಾನೆ, ಪರದಾಡುವುದು ಮೊಮ್ಮಗ. ನಮ್ಮ ಹಾಸನದ ಕಡೆಯೂ ಹಾಗೆಯೇ. ಪೆಂಡಾಲಿನವರು, ಅಡುಗೆಯವರು, ಕಾರ್ಡು ಅಚ್ಚು ಹಾಕಿಸುವವರು ಎಲ್ಲರೂ ‘ದುಡ್ಡು ಆಮೇಲೆ ಕೊಡಿ’ ಎನ್ನುತ್ತಾರೆ. ಸಾಲದ ರುಚಿ ಬಲ್ಲವರಿಗೆ ಆ ‘ಆಮೇಲೆ’ ಕೇಳಿದರೇ ಮೈ ಜುಮ್ಮೆನ್ನುತ್ತದೆ.

ಮೈದುನ ಹೇಳುತ್ತಾನೆ: “ಅತ್ತಿಗೆ, ಐನೂರು ಜನಕ್ಕಾದ್ರೂ ಎಲೆ ಹಾಕಿಸ್ಬೇಕು. ಊರೋರು ಏನಂದಾರು?” ಊರೋರು ನಮ್ಮ ಕಂತು ಕಟ್ಟಿದ್ರಾ ಎಂದು ಕೇಳುವ ಆಸೆಯಾಗುತ್ತದೆ. ಕೇಳಬೇಡಿ. ಪುಸ್ತಕ, ಪೆನ್ನು ಅವನ ಕೈಗೇ ಕೊಟ್ಟು, “ನೀನೇ ಲೆಕ್ಕ ಬರೆಯಪ್ಪ, ಯಾರ ಹತ್ರ ದುಡ್ಡು ತರೋದು ಅನ್ನೋದೂ ಬರಿ” ಅನ್ನಿ. ಐನೂರು ಇನ್ನೂರಕ್ಕೆ ಇಳಿಯುತ್ತದೆ. ಊಟ ಮುಗಿಸಿ ಕೈ ತೊಳೆದವರು ಪಾಯಸ ಚೆನ್ನಾಗಿತ್ತು ಅಂತಲೋ ತೆಳುವಾಯಿತು ಅಂತಲೋ ಮಾತಾಡುತ್ತಾರೆ. ಎಷ್ಟು ಜನ ಉಂಡರು ಎಂದು ಯಾರೂ ಎಣಿಸುವುದಿಲ್ಲ.

ಬೀದಿ ತುದಿಯ ಶ್ರದ್ಧಾಂಜಲಿ ಫ್ಲೆಕ್ಸಿಗೆ ಚದರಡಿ ಲೆಕ್ಕದಲ್ಲಿ ದುಡ್ಡು. ಅದರಲ್ಲಿ ಸತ್ತವರದು ಒಂದು ಫೋಟೋ, ದುಃಖಿತರದು ಹದಿನೈದು ಫೋಟೋ ಇರುವುದಾದರೆ ಹದಿನೈದು ಜನವೇ ಪಾಲು ಹಾಕಿಕೊಳ್ಳಲಿ.

ಜೋಡಣೆ

ಸಾವನ್ನು 21 ದಿನಗಳೊಳಗೆ ನೋಂದಾಯಿಸಿದರೆ ವಿಳಂಬ ಶುಲ್ಕವಿಲ್ಲ. ಪ್ರಮಾಣಪತ್ರದ ಪ್ರತಿಗಳನ್ನು ಅಗತ್ಯಕ್ಕಿಂತ ಹೆಚ್ಚೇ ತೆಗೆಸಿಡಿ. ಮಿತವ್ಯಯಕ್ಕೆ ಈ ಕೈಪಿಡಿ ಕೊಡುವ ವಿನಾಯಿತಿಗಳಲ್ಲಿ ಇದು ಮೊದಲನೆಯದು. ಬ್ಯಾಂಕು, ಅಂಚೆ ಕಚೇರಿ, ಗ್ಯಾಸ್ ಏಜೆನ್ಸಿ, ಖಾತೆ ಬದಲಾವಣೆ, ಪಿಂಚಣಿ, ಎಲ್ಲ ಕಡೆಯೂ ಒಂದೊಂದು ಪ್ರತಿ ಕೇಳುತ್ತಾರೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಬೇಕು. ಅದರಲ್ಲಿ ಅವರ ಹೆಸರಿನ ಮುಂದೆ ಒಂದು ಪದ ಸೇರಿರುತ್ತದೆ. ಅಲ್ಲೇ ನಿಂತು ಓದಬೇಡಿ, ಮಡಚಿ ಕವರಿಗೆ ಹಾಕಿಕೊಂಡು ಬನ್ನಿ.

ಸಾಲ ತೀರಿದ್ದು ಬ್ಯಾಂಕಿಗೆ ಗೊತ್ತು, ನಿಮಗೆ ಗೊತ್ತು. ಅಷ್ಟು ಸಾಲದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಕೌಂಟರಿನಲ್ಲಿ ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ. ಅಡಮಾನ ನೋಂದಣಿಯಾಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ಅದರ ಬಿಡುಗಡೆಯನ್ನೂ ಮಾಡಿಸಿ, ಆಮೇಲೆ ಋಣಭಾರ ಪತ್ರ ತೆಗೆಸಿ ನೋಡಿ. ಸಾಲ ಮಾಡಿದವರೇ ಇಲ್ಲದಿರುವಾಗ ಸಾಲ ಮಾತ್ರ ದಾಖಲೆಯಲ್ಲಿ ಉಳಿದುಕೊಳ್ಳುವುದುಂಟು.

ಅವರ ಪಾಸ್‌ಬುಕ್ಕನ್ನು ಮೇ ತಿಂಗಳ ಕೊನೆಯ ವಾರಕ್ಕೆ ತಿರುವಿ. 436 ರೂಪಾಯಿ ಕಳೆದಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. 55 ವಯಸ್ಸು ದಾಟಿರದಿದ್ದರೆ ನಾಮಿನಿಗೆ 2 ಲಕ್ಷ ರೂಪಾಯಿ ಬರಬೇಕು. 20 ರೂಪಾಯಿ ಕಳೆದಿದ್ದರೆ ಅದು ಅಪಘಾತ ವಿಮೆ. ಮನೆ ಸಾಲದ ಜತೆ ಮಾಡಿಸಿದ ವಿಮೆಯ ಕಾಗದವನ್ನೂ ಓದಿ. ಕೆಲವು ಪಾಲಿಸಿಗಳು ಸಾಲ ಅವಧಿಗೆ ಮುಂಚೆ ತೀರಿದರೂ ನಡೆಯುತ್ತಲೇ ಇರುತ್ತವೆ. ನಮ್ಮದು ಸಾಲದ ಜತೆಗೇ ಮುಗಿದಿತ್ತು. ಅದನ್ನು ತಿಳಿದ ನೆಂಟರೊಬ್ಬರು, “ಸಾಲ ತೀರೋಕೆ ಮುಂಚೆ ಹೋಗಿದ್ರೆ ಪೂರಾ ಮನ್ನಾ ಆಗ್ತಿತ್ತಲ್ಲವ್ವ” ಎಂದು ನಿಜವಾಗಿಯೂ ಮರುಗಿದರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಇವರಿಗೆ ಆ ‘ನೋ ಡ್ಯೂ’ ಪತ್ರವನ್ನು ಕೈಯಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡು, ಎರಡು ಸಲ ಓದುವ ಸುಖ ಸಿಕ್ಕಿತು. ಯಾವ ಪಾಲಿಸಿಯಲ್ಲೂ ಅದಕ್ಕೆ ಬೆಲೆ ಬರೆದಿರುವುದಿಲ್ಲ.

ಅವರ ಸಿಮ್ಮಿನ ವಿಷಯ. ಬ್ಯಾಂಕು, ಗ್ಯಾಸು, ಆಧಾರು, ಎಲ್ಲದರ ಓಟಿಪಿ ಅದಕ್ಕೇ ಬರುತ್ತದೆ. 90 ದಿನ ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಕಿತ್ತುಕೊಳ್ಳಬಹುದು. ಆದ್ದರಿಂದ ಎಲ್ಲ ಕಡೆ ನಿಮ್ಮ ನಂಬರು ಸೇರುವವರೆಗೆ ಅತಿ ಕಡಿಮೆ ಬೆಲೆಯ ರೀಚಾರ್ಜು ಮಾಡಿಸುತ್ತಿರಿ. ಎಲ್ಲ ಕಡೆ ಸೇರಿದ ಮೇಲೂ ಮಾಡಿಸುತ್ತಿದ್ದೀರಾ? ಅದಕ್ಕೆ ದಿನಸಿ ಪಟ್ಟಿಯಲ್ಲಿ ಜಾಗ ಮಾಡಿ. ಮಗಳಿಗೆ ಹೇಳಬೇಕಾಗಿಲ್ಲ.

ದಿನನಿತ್ಯದ ಬಳಕೆ

ಇಬ್ಬರಿಗೆ ಒಂದು ಪಾವು ಅಕ್ಕಿ, ಒಬ್ಬರಿಗೆ ಅರ್ಧ ಪಾವು ಎಂಬುದು ಶಾಲೆಯ ಗಣಿತ. ಅನ್ನ ಈ ಗಣಿತವನ್ನು ಒಪ್ಪುತ್ತದೆ, ಸಾರು ಒಪ್ಪುವುದಿಲ್ಲ. ಒಂದು ಹಿಡಿ ಬೇಳೆ ಹಾಕಿದರೆ ಕುಕ್ಕರಿನ ತಳ ಹಿಡಿಯುತ್ತದೆ, ಎರಡು ಹಿಡಿ ಹಾಕಿದರೆ ಮೂರು ದಿನ ಅದೇ ಸಾರು. ಒಗ್ಗರಣೆಗೆ ಎಣ್ಣೆ ಅರ್ಧ ಮಾಡಿದರೆ ಸಾಸಿವೆ ಸಿಡಿಯದು. ಕಾಯಿ ಒಡೆದರೆ ಒಂದು ಹೋಳು ಉಳಿಯುತ್ತದೆ, ಫ್ರಿಜ್ಜಿನಲ್ಲಿ ಮೂರನೆಯ ದಿನಕ್ಕೆ ಅಂಟಂಟಾಗುತ್ತದೆ. ಒಂದೇ ಒಂದು ಮುದ್ದೆಗೆ ಎಸರಿಟ್ಟು ತಿರುವಲು ಕೂತರೆ ಕೈಗೆ ಹಿಟ್ಟು ಮೆತ್ತಿಕೊಳ್ಳುವುದೇ ಹೆಚ್ಚು. ತಲೆಗೆ ಬೀಳುವ ಖರ್ಚು ನೋಡಿದರೆ ಇಬ್ಬರ ಸಂಸಾರವೇ ಅಗ್ಗ. ಇದನ್ನು ಯಾವ ಹಣಕಾಸು ಸಲಹೆಗಾರರೂ ಮುಂಚೆ ಹೇಳಿರುವುದಿಲ್ಲ.

ಗ್ಯಾಸ್ ಮಾತ್ರ ಲಾಭ. 14.2 ಕಿಲೊ ಸಿಲಿಂಡರು ಮುಗಿಯುವುದೇ ಇಲ್ಲ. ಹೊಸದನ್ನು ಹಾಕಿದ ದಿನ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ‘ಗ್ಯಾಸ್’ ಎಂದು ಬರೆಯುವುದು ಅವರ ಕೆಲಸವಾಗಿತ್ತು. ಹೊಸ ವರ್ಷಕ್ಕೆ ಹೊಸ ಕ್ಯಾಲೆಂಡರು ಬಂದಾಗ ಹಳೆಯದನ್ನು ರದ್ದಿಗೆ ಹಾಕುವುದು ನಿಯಮ. ಕಿಲೊ ಲೆಕ್ಕದಲ್ಲಿ ಅದಕ್ಕೆ ಬರುವ ದುಡ್ಡನ್ನು ನೋಡಿ ನೀವೇ ತೀರ್ಮಾನಿಸಿ.

ಹಾಲಿನ ಬಗ್ಗೆ ತುಸು ವಿವರವಾಗಿ ಹೇಳಬೇಕು. 2024ರ ಜೂನಿನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಸೇರಿಸಿ 2 ರೂಪಾಯಿ ಹೆಚ್ಚಿಸಿದರು. ಇದು ಬೆಲೆ ಏರಿಕೆಯೋ ಅಲ್ಲವೋ ಎಂದು ನಮ್ಮ ಮನೆಯಲ್ಲಿ ನಡೆದ ಚರ್ಚೆ ವಿಧಾನಸಭೆಯಲ್ಲೂ ನಡೆದಿರಲಾರದು. ಹೆಚ್ಚು ಹಾಲಿಗೆ ಹೆಚ್ಚು ದುಡ್ಡು, ನ್ಯಾಯವಾಗಿಯೇ ಇದೆ ಎಂದು ನಾನು. ನಮಗೆ ಬೇಡದ 50 ಮಿ.ಲೀ.ಯನ್ನು ನಮ್ಮ ತಲೆಗೆ ಕಟ್ಟಿದರು ಎಂದು ಇವರು. ಆ ಹೆಚ್ಚುವರಿಯನ್ನು ಅಳೆದು ಬೇರೆ ಲೋಟಕ್ಕೆ ತೆಗೆದು, ಹೆಪ್ಪು ಹಾಕಿ, ವಾರಕ್ಕೆ ಎಷ್ಟು ಮೊಸರು ಉಳಿತಾಯ ಎಂದು ಬರೆದಿಟ್ಟರು. 2025ರ ಏಪ್ರಿಲ್ 1ರಿಂದ ಆ 50 ಮಿ.ಲೀ. ವಾಪಸು ಹೋಯಿತು, ಲೀಟರಿಗೆ 4 ರೂಪಾಯಿ ಏರಿತು. ಅವರು ಗೆದ್ದಿದ್ದರು. ಹೇಳೋಣವೆಂದರೆ ಕೇಳಿಸಿಕೊಳ್ಳಲು ಅವರಿರಲಿಲ್ಲ, ಹಾಲಿನ ಅಂಗಡಿಯ ಹುಡುಗನಿಗೆ ಹೇಳಿದೆ. ಅವನು, “ಹೌದಾಂಟಿ, ಎಲ್ಲಾ ರೇಟೂ ಜಾಸ್ತಿ” ಅಂದ.

ಈ ಯಂತ್ರ ನಡೆಯುವ ಬಗೆ ನಿಮಗೆ ಇಲ್ಲಿ ಅರ್ಥವಾಗುತ್ತದೆ. ಮಿತವ್ಯಯಕ್ಕೆ ಇಬ್ಬರು ಬೇಕು: ‘ತಗೊಳ್ಳೋಣ’ ಅನ್ನುವವರು ಒಬ್ಬರು, ‘ಈಗ್ಯಾಕೆ?’ ಅನ್ನುವವರು ಒಬ್ಬರು. ನಮ್ಮ ಮನೆಯಲ್ಲಿ ಪಾತ್ರ ಬದಲಾಗುತ್ತಿತ್ತು. ಸೀರೆ, ಪಾತ್ರೆಗೆ ನಾನು ‘ತಗೊಳ್ಳೋಣ’. ಪೇಪರು, ಕಾಫಿಪುಡಿಗೆ ಅವರು. ಈಗ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಗಡವರೆ ಮುಂದೆ ನಿಂತು ಎರಡನ್ನೂ ನೀವೇ ಹೇಳಿಕೊಳ್ಳಬೇಕು. ‘ಈಗ್ಯಾಕೆ, ಸಂಕ್ರಾಂತಿ ಹೊತ್ತಿಗೆ ಇಳಿಯುತ್ತೆ’ ಎಂದು ನೀವು ಅವರ ದನಿಯಲ್ಲೇ ಹೇಳಿಕೊಂಡು ಮುಂದೆ ಹೋಗುತ್ತೀರಿ. ಕೈಯಲ್ಲಿ ದುಡ್ಡಿದೆ, ಮುಂದೆ ಹೋಗಬೇಕಾದ ಅಗತ್ಯವೇ ಇಲ್ಲ. ‘ಇನ್ನೂ ಯಾಕಮ್ಮ ಹೀಗಿರ್ತೀಯ, ಸಾಲ ತೀರ್ತಲ್ಲ, ಚೆನ್ನಾಗಿ ತಿನ್ನು, ಉಡು’ ಎಂದು ಮಗಳು ಫೋನಿನಲ್ಲಿ ಬಯ್ಯುತ್ತಾಳೆ. ನಾವಿಬ್ಬರೂ ಕೂತು ಮಾತಾಡಿದ್ದು ಹೆಚ್ಚಾಗಿ ಇಂಥ ಐದು ಹತ್ತು ರೂಪಾಯಿಗಳ ಬಗ್ಗೆಯೇ ಎಂದು ಅವಳಿಗೆ ಹೇಗೆ ಹೇಳುವುದು? ಅದನ್ನು ಬಿಟ್ಟರೆ ಆ ಮಾತುಕತೆಯೂ ಹೋಗುತ್ತದೆ.

ಕಾಫಿಪುಡಿಗೆ ಈ ಕೈಪಿಡಿಯಲ್ಲಿ ವಿಶೇಷ ಸ್ಥಾನ. ಸಾಲದ ವರ್ಷಗಳಲ್ಲಿ ಚಿಕೋರಿ ಏರುತ್ತ ಹೋಗಿ ಅರವತ್ತು–ನಲವತ್ತಕ್ಕೆ ಬಂದು ನಿಂತಿತ್ತು. ಕಾಫಿ 51 ಪಾಲಿಗಿಂತ ಕೆಳಗಿಳಿಯಬಾರದು ಎಂದು ಕಾನೂನು ಹೇಳುತ್ತದೆ. ಇಲ್ಲದಿದ್ದರೆ ನಾವು ಇನ್ನೂ ಇಳಿಯುತ್ತಿದ್ದೆವೋ ಏನೋ. ಸಕಲೇಶಪುರ ಕಣ್ಣಳತೆಯಲ್ಲಿರುವ ಜಿಲ್ಲೆಯವರಿಗೆ ಇದು ಸಣ್ಣ ಅವಮಾನವಲ್ಲ. ಸಾಲ ತೀರಿದ ತಿಂಗಳು ಇವರು ಮಾಡಿದ ಏಕೈಕ ದುಂದುವೆಚ್ಚ ಎಂಬತ್ತು–ಇಪ್ಪತ್ತರ ಪುಡಿ, ಕಾಲು ಕಿಲೊ. ಅರವತ್ತು–ನಲವತ್ತರ ಡಬ್ಬಿಯಲ್ಲಿ ಇನ್ನೂ ಪುಡಿ ಉಳಿದಿತ್ತು, ಚೆಲ್ಲಲು ಮನಸ್ಸು ಬರಲಿಲ್ಲ. ಎರಡು ಡಬ್ಬಿಗಳೂ ಇರಲಿ. ಯಾವುದು ಯಾವಾಗ ಎಂಬುದು ಮುಂದೆ ಬರುತ್ತದೆ.

ವಿದ್ಯುತ್ ಮತ್ತು ಓಡಾಟ

ಗೃಹಜ್ಯೋತಿ ಬಂದ 2023ರಲ್ಲಿ ಉಚಿತ ಯೂನಿಟ್ಟುಗಳನ್ನು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಗೊತ್ತುಮಾಡಿದರು, ಗರಿಷ್ಠ 200. ಅಂದರೆ ಸಾಲಕ್ಕೆ ಹೆದರಿ ಫ್ಯಾನು ಆರಿಸಿ ಬೀಸಣಿಗೆಯಲ್ಲಿ ಬೀಸಿಕೊಂಡವರಿಗೆ ಉಚಿತವೂ ಅಷ್ಟಕ್ಕಷ್ಟೆ. ಧಾರಾಳಿಗಳಿಗೆ ಧಾರಾಳ. ಇವರು ಇದನ್ನು ಹೇಳಿಕೊಂಡು ಬಹಳ ನಗುತ್ತಿದ್ದರು. ಈಗ ಒಬ್ಬರೇ ಇದ್ದು ಆ ಪುಟ್ಟ ಲೆಕ್ಕವನ್ನೂ ಮುಗಿಸಲಾಗುತ್ತಿಲ್ಲ. ರಾತ್ರಿ ಹಾಲಿನ ಲೈಟು ಉರಿಯುತ್ತ ಬಿಟ್ಟು ಮಲಗಬಹುದು, ಕೈಪಿಡಿ ಅನುಮತಿಸುತ್ತದೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮದುವೆ ಮುಂಜಿಗಳಿಗೆ ‘ನೀನೇ ಹೋಗಿ ಬಾ, ಒಂದು ಟಿಕೆಟ್ಟು ಉಳಿಯುತ್ತೆ’ ಎನ್ನುವುದು ಇವರ ರೂಢಿಯಾಗಿತ್ತು. ಒಬ್ಬಳೇ ಹೋಗಿಬರುವ ಅಭ್ಯಾಸ ಹಾಗೆ ಆಗಲೇ ಆಗಿದೆ.

ತಿಂಗಳ 5ನೇ ತಾರೀಖು

4ರಂದು ಖಾತೆಯಲ್ಲಿ ಸಾಕಷ್ಟು ದುಡ್ಡಿದೆಯೇ ಎಂದು ನೋಡುವುದು, 5ರಂದು ಕಂತು ಕಳೆದ ಸಂದೇಶ ಬಂದಾಗ ‘ಹೋಯ್ತು’ ಎನ್ನುವುದು ಅಭ್ಯಾಸವಾಗಿರುತ್ತದೆ. ಸಂದೇಶ ಬರದ 5ನೇ ತಾರೀಖು ಕಷ್ಟ. ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆಯಿರಿ, 5ರಂದೇ ಕಟ್ಟಿ. ಬಡ್ಡಿ 2023ರ ಅಕ್ಟೋಬರಿನಿಂದ ಶೇ. 6.7. ಇಷ್ಟು ವರ್ಷ ಕೊಟ್ಟ ಬಡ್ಡಿ ನೆನೆದರೆ ಇದು ನಗೆಪಾಟಲು, ಆದರೂ ಈ ಸಲ ಅದು ನಿಮ್ಮ ಕಡೆಗೆ ಬರುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದಷ್ಟು ಸಾಲ ತೆಗೆಯಬಹುದು ಎಂದು ಕೌಂಟರಿನವರು ತಿಳಿಸುತ್ತಾರೆ. ಆ ಹೊತ್ತಿಗೆ ಕಿವಿ ಮುಚ್ಚಿಕೊಳ್ಳಿ. ನಾಮಿನಿಯ ಜಾಗದಲ್ಲಿ ಪೆನ್ನು ಅಭ್ಯಾಸಬಲದಿಂದ ಅವರ ಹೆಸರಿನ ಮೊದಲಕ್ಷರ ಬರೆದರೆ ಇನ್ನೊಂದು ಫಾರಂ ಕೇಳಿ, ಅದಕ್ಕೆ ದುಡ್ಡಿಲ್ಲ.

ದೋಷಗಳು ಮತ್ತು ಪರಿಹಾರ

ಎರಡು ಲೋಟ ಕಾಫಿ ಬೆರೆಸಿಬಿಟ್ಟರೆ: ಎರಡನ್ನೂ ಕುಡಿಯಿರಿ, ಚೆಲ್ಲಬೇಡಿ. ಎಂಬತ್ತು–ಇಪ್ಪತ್ತರದು.

ಬದುಕಿರುವ ಬಗ್ಗೆ ಸಂಶಯ ಬಂದರೆ: ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು. ಬೆರಳು ಒತ್ತಿದರೆ ಯಂತ್ರವೇ ಹೇಳುತ್ತದೆ. ಪಾತ್ರೆ ಉಜ್ಜಿ ರೇಖೆ ಸವೆದಿದ್ದರೆ ಮೂರು ನಾಲ್ಕು ಸಲ ಒತ್ತಿಸುತ್ತಾರೆ.

ಕೈಸಾಲ ಕೇಳುವವರು ಬಂದರೆ: ಬರುತ್ತಾರೆ. ಸಾಲ ತೀರಿದ ಸುದ್ದಿಗೆ ಸಾವಿನ ಸುದ್ದಿಗಿಂತ ವೇಗ ಹೆಚ್ಚು. ಅದರಲ್ಲೂ ‘ದುಡ್ಡು ಬೇಡ, ಬರೀ ಒಂದು ಜಾಮೀನು ಸಹಿ’ ಎನ್ನುವವರ ಬಗ್ಗೆ ಎಚ್ಚರ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರರ ಹೊಣೆಯೂ ಅಷ್ಟೇ. ಕಾಯ್ದೆ ವಿವರಿಸುತ್ತ ಕೂತರೆ ಸಂಬಂಧ ಕೆಡುತ್ತದೆ, ಇಲ್ಲ ಅಂದರೂ ಕೆಡುತ್ತದೆ. ಇಷ್ಟು ವರ್ಷ ಯಾರು ಏನು ಕೇಳಿದರೂ ಹೇಳುತ್ತಿದ್ದ ಉತ್ತರವನ್ನೇ ಹೇಳಿ: “ನಮ್ಮನೆಯವರನ್ನ ಒಂದು ಮಾತು ಕೇಳಿ ಹೇಳ್ತೀನಿ.”

ಬಂದವರು ಗೋಡೆಯ ಫೋಟೋ ನೋಡುತ್ತಾರೆ, ನಿಮ್ಮನ್ನು ನೋಡುತ್ತಾರೆ, ಕಾಫಿ ಬೇಗ ಬೇಗ ಕುಡಿದು ಎದ್ದುಬಿಡುತ್ತಾರೆ. ಈ ಕಾಫಿಗೆ ಅರವತ್ತು–ನಲವತ್ತರ ಪುಡಿ ಸಾಕು. ಲೆಕ್ಕದ ಪುಸ್ತಕದಲ್ಲಿ ‘ಇತರೆ’ ಎಂದು ಬರೆದುಕೊಳ್ಳಿ.