ಭಾವನ ನೊಣಗಳು

ನಮ್ಮ ಭಾವ ನಿವೃತ್ತರಾದ ಮೇಲೆ ಕೊಂಡ ಮ್ಯಾಕ್ರೋ ಲೆನ್ಸಿನ ಬೆಲೆ ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಗೊತ್ತಿರುವುದು ನನಗೊಬ್ಬನಿಗೆ. ಹಾಗಾಗಿ ಫೋಟೋಗಳೂ ನನಗೇ ಬರುತ್ತವೆ. ಅವರ ತುಮಕೂರಿನ ಹಿತ್ತಲಲ್ಲಿ ಕಾಮಕಸ್ತೂರಿ ಇದೆ, ಹೂ ಬಿಟ್ಟ ಕೊತ್ತಂಬರಿ ಇದೆ, ಚಪ್ಪರದ ತುಂಬ ಅವರೆ ಇದೆ. ಅಲ್ಲಿ ಹಾರುತ್ತ ಹಾರುತ್ತ ಗಾಳಿಯಲ್ಲೇ ನಿಂತುಬಿಡುವ, ಹಳದಿ-ಕಪ್ಪು ಪಟ್ಟೆಯ ಒಂದು ಜೀವಿಯ ಚಿತ್ರ ತೆಗೆದು, "ಯಾವ ಜೇನೋ ಇದು?" ಎಂದು ಕೇಳುತ್ತಾರೆ.

"ಜೇನಲ್ಲ ಭಾವ, ನೊಣ."

ಭಾವನಿಗೆ ಅವಮಾನ. ಅಷ್ಟು ದುಡ್ಡು ಸುರಿದು ನೊಣದ ಫೋಟೋ ತೆಗೆಯುವುದೇ? ಆದರೆ ಹೂನೊಣದ ಸಂಸಾರ ನಡೆಯುವುದೇ ಈ ಗೊಂದಲದಿಂದ. ಕೊಂಡಿಯಿಲ್ಲ, ಕುಟುಕಲು ಬಾರದು; ಕಣಜದ ವೇಷ ತೊಟ್ಟು ಹಕ್ಕಿಗಳನ್ನು ಹೆದರಿಸಿಕೊಂಡು ಬದುಕುತ್ತದೆ. ಹಕ್ಕಿಗಳೇ ಬೇಸ್ತು ಬೀಳುವಾಗ, ಜೀವಮಾನವಿಡೀ ಖಜಾನೆಯಲ್ಲಿ ಸಹಿ ತಾಳೆ ನೋಡಿದ ಭಾವ ಬೇಸ್ತು ಬಿದ್ದರೆ ತಪ್ಪೇನು?

ನೊಣವೆಂದು ಹೇಳುವುದು ಸುಲಭ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಮೀಸೆ ಮೋಟು, ಕಣ್ಣು ಮುಖದ ತುಂಬ. ಬಹುಮಟ್ಟಿಗೆ, ಕಣ್ಣುಗಳೆರಡೂ ನೆತ್ತಿಯಲ್ಲಿ ಕೂಡಿದ್ದರೆ ಗಂಡು, ನಡುವೆ ಬೈತಲೆ ಬಿಟ್ಟಿದ್ದರೆ ಹೆಣ್ಣು. ತೊಡಕು ಶುರುವಾಗುವುದು ಹೆಸರು ಕೇಳಿದಾಗ. ಜಗತ್ತಿನಲ್ಲಿ ಸುಮಾರು 6,000 ಬಗೆಯ ಹೂನೊಣಗಳಿವೆ. ಕೆಲವು ಪುಣ್ಯಾತ್ಮರು ಮೈಮೇಲೇ ವಿಳಾಸ ಬರೆದುಕೊಂಡಿರುತ್ತಾರೆ. ಎಪಿಸಿರ್ಫಸ್ ಬಾಲ್ಟಿಯೇಟಸ್‌ಗೆ ಹೊಟ್ಟೆಯ ಮೇಲೆ ದಪ್ಪದೊಂದು, ಸಣ್ಣದೊಂದು ಎಂದು ಜೋಡಿ ಕಪ್ಪಂಚು. ಎರಿಸ್ಟಲೈನಸ್‌ಗೆ ಕಣ್ಣಲ್ಲೇ ಚುಕ್ಕಿ ಇಲ್ಲವೇ ಪಟ್ಟೆ. ಮಿಕ್ಕವರು ಗುಟ್ಟು ಬಿಡುವ ಜನವಲ್ಲ. ಹಿಂಗಾಲಿನ ತೊಡೆ ಎಷ್ಟು ದಪ್ಪ, ಅದರ ಮೇಲಿನ ಕೂದಲು ಎಂಥದ್ದು, ರೆಕ್ಕೆಯ ನರ ಎಲ್ಲಿ ಬಾಗಿದೆ, ಮುಖದ ಉಬ್ಬು ಎಷ್ಟು ಎಂದೆಲ್ಲ ವಿಚಾರಿಸಬೇಕು. ಐದಾರು ಮಿಲಿಮೀಟರಿನ ಪ್ಯಾರಾಗಸ್‌ಗಳಲ್ಲಂತೂ ಎಷ್ಟೋ ಸಲ ಗಂಡಿನ ಜನನಾಂಗವನ್ನೇ ಬಿಡಿಸಿ ಸೂಕ್ಷ್ಮದರ್ಶಕದಡಿ ಇಡಬೇಕು. ಇದನ್ನು ಭಾವನಿಗೆ ಯಾವ ಬಾಯಲ್ಲಿ ಹೇಳಲಿ?

ನಮ್ಮ ದೇಶದ ಹೂನೊಣಗಳ ಬಗ್ಗೆ ದೊಡ್ಡ ಪುಸ್ತಕ ಬಂದದ್ದು 1923ರಲ್ಲಿ. ಬರೆದವರು ಎನ್ರಿಕೊ ಬ್ರುನೆಟ್ಟಿ; ಕಸುಬಿನಿಂದ ಸಂಗೀತಗಾರರು. ಅವರ ಎದುರಿಗಿದ್ದದ್ದು ಸೂಜಿ ಚುಚ್ಚಿದ ನೊಣ. ತಿರುಗಿಸಬಹುದು, ಮಗುಚಬಹುದು. ಭಾವನ ನೊಣ ಮಗುಚುವುದಿಲ್ಲ. ಅದು ಸಂಬಂಧ ಕುದುರಿಸಲು ವರನ ಕಡೆಯವರು ಕಳಿಸುವ ಫೋಟೋದ ಹಾಗೆ: ಎಲ್ಲ ಚೆಂದ, ನೋಡಬೇಕಾದದ್ದು ಮಾತ್ರ ಚೌಕಟ್ಟಿನಾಚೆ.

"ಹಿಂಗಾಲು ಕಾಣ್ತಿಲ್ಲ ಭಾವ."

"ಹೂವಿನ ಬಣ್ಣ ಹೇಗೆ ಬಂದಿದೆ ನೋಡೋ!"

"ರೆಕ್ಕೆ?"

"ಅದು ಸುಮ್ನಿದ್ರೆ ತಾನೆ?"

ಕೊನೆಗೆ, "ಮೆಸೆಂಬ್ರಿಯಸ್ ಕುಲ. ಅದರೊಳಗೆ ಯಾವುದು ಅಂತ ಹೇಳಕ್ಕಾಗಲ್ಲ" ಎಂದು ಬರೆಯುತ್ತೇನೆ. "ಮನೆತನ ಹೇಳಿ ಹುಡುಗನ ಹೆಸರು ಹೇಳಲ್ಲ ಅಂದ್ರೆ ಹೇಗೋ?" ಎಂದು ಭಾವ ರೇಗುತ್ತಾರೆ. ರೇಗಲಿ. ಕುಲಕ್ಕೆ ನಿಲ್ಲಿಸುವುದರಲ್ಲಿ ಒಂದು ಮರ್ಯಾದೆಯಿದೆ. ಇರುವೆಗೂಡಿನಲ್ಲಿ ಬೆಳೆಯುವ ಮೈಕ್ರೊಡಾನ್ ಎಂಬ ಹೂನೊಣದ ಮರಿಯನ್ನು ಕಂಡು, ಇದು ಚಿಪ್ಪಿಲ್ಲದ ಬಸವನಹುಳುವಿನ ಜಾತಿ ಎಂದು ಹೆಸರಿಟ್ಟು ಅಚ್ಚು ಹಾಕಿಸಿದ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲಿದ್ದರು. ಅವರ ಕೈಯಲ್ಲಿದ್ದದ್ದು ಫೋಟೋ ಅಲ್ಲ, ಹುಳವೇ!

ಮರಿ ಎಂದಾಗ ನೆನಪಾಯಿತು. ಈ ಸಲ ಅವರೆಗೆ ಕಪ್ಪು ಹೇನು ಮುತ್ತಿತ್ತು. ಎಷ್ಟೋ ಬಗೆಯ ಹೂನೊಣಗಳಲ್ಲಿ ತಾಯಿ ಹುಡುಕಿಕೊಂಡು ಬಂದು ಮೊಟ್ಟೆಯಿಡುವುದೇ ಹೇನಿನ ಹಿಂಡಿನ ನಡುವೆ. ಒಂದೊಂದು ಮರಿಯೂ ನೂರಾರು ಹೇನು ತಿಂದು ಬೆಳೆಯುತ್ತದೆ. ನಾನು ಹೋದಾಗ ಚಪ್ಪರದ ಈ ಕಡೆ ಭಾವ ಉಸಿರು ಬಿಗಿಹಿಡಿದು ತಾಯಿಯ ಫೋಟೋ ತೆಗೆಯುತ್ತಿದ್ದರು. ಆ ಕಡೆ ಅಕ್ಕ ಒಂದೊಂದೇ ಹುಳ ಆರಿಸಿ ಹೊಸಕುತ್ತಿದ್ದಳು.

"ಅಯ್ಯೋ ಅಕ್ಕ, ಅವು ಭಾವನ ನೊಣದ ಮಕ್ಕಳು ಕಣೇ! ಹೇನು ತಿನ್ನೋವು!"

"ಹೌದಾ? ಯಾವ ನೊಣದ್ದು ಅಂತ ಸರಿಯಾಗಿ ಹೇಳು, ಬಿಡ್ತೀನಿ" ಎಂದಳು. ಹೇಳಿ, ತನ್ನ ಹಳೇ ಫೋನಿನಲ್ಲಿ ಒಂದು ಹುಳದ ಚಿತ್ರ ತೆಗೆದು ಅಲ್ಲೇ ನನಗೆ ಕಳಿಸಿದಳು. ಭಾವನ ಲೆನ್ಸಿಗೂ ಬಾರದಷ್ಟು ಸ್ಪಷ್ಟವಾದ ಚಿತ್ರ. ಅಡಿಯಿಂದ ಮುಡಿಯವರೆಗೆ ಏನೂ ಮರೆಯಾಗಿರಲಿಲ್ಲ. ಹುಳಕ್ಕೆ ರೆಕ್ಕೆಯಿಲ್ಲ, ಕಣ್ಣಿಲ್ಲ, ಹಿಂಗಾಲಂತೂ ಇಲ್ಲವೇ ಇಲ್ಲ.