ಎಫ್3 ನೀವೇ ಒತ್ತಿಕೊಳ್ಳಿ

ಸರ್ವಿಸ್ ಸೆಂಟರಿನ ಮ್ಯಾನೇಜರ್ ಸಾಹೇಬರಿಗೆ, ಸಾಸ್ವೆಹಳ್ಳಿಯ ಡಿಟಿಪಿ ಅಂಗಡಿಯವನ ನಮಸ್ಕಾರಗಳು.

ನಿಮ್ಮ ಕಂಪನಿಯ ಹೆಸರು ಬರೆದಿಲ್ಲ. ಬರೆದರೆ ವಕೀಲರ ನೋಟಿಸು ಬರುತ್ತದಂತೆ. ಕೇಳಿದ ಸೀಡಿ ಬರದಿದ್ದರೂ ಅದು ಮಾತ್ರ ತಪ್ಪದೆ ಬರುತ್ತದೆ ಎಂದು ಬಲ್ಲವರು ಹೇಳಿದ್ದಾರೆ. ನಿನ್ನೆ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಸೋನಾಮಸೂರಿ ಚೀಲದಲ್ಲಿ ಸಿಪಿಯು ಹೊತ್ತುಕೊಂಡು ಬಂದವನು ನಾನೇ. ‘ಅಕ್ಕಿ ಒಳಗೆ ಬಿಡಲ್ಲ’ ಎಂದು ನಿಮ್ಮ ವಾಚ್‌ಮನ್ ತಡೆದ. ಅಕ್ಕಿ ಅಲ್ಲಪ್ಪ, ನಿಮ್ಮದೇ ಮಾಲು ಎಂದು ಚೀಲ ಬಿಚ್ಚಿ ತೋರಿಸಿದೆ. ಆಗ ಅವನು ನೋಡಿದ ನೋಟಕ್ಕಿಂತ, ಅಕ್ಕಿ ಎಂದೇ ಹೇಳಿದ್ದರೆ ಮರ್ಯಾದೆ ಇರುತ್ತಿತ್ತು.

ನನ್ನ ಕೇಳಿಕೆ ದೊಡ್ಡದಲ್ಲ. 2007ರಲ್ಲಿ ತೆಗೆದುಕೊಂಡ ಯಂತ್ರ. ಜೊತೆಗೆ ವಿಂಡೋಸ್ ಎಕ್ಸ್‌ಪಿ, ಒರಿಜಿನಲ್. ಬಿಲ್ಲಿನಲ್ಲಿ ಅದರ ದುಡ್ಡೂ ಸೇರಿದೆ. ಡಬ್ಬದ ಪಕ್ಕದಲ್ಲಿ ಸ್ಟಿಕರ್ ಇದೆ, ಅದರ ಮೇಲೆ ಐದೈದರ ಐದು ಗುಂಪು, ಒಟ್ಟು 25 ಅಕ್ಷರದ ಕೀ ಇನ್ನೂ ಓದಲು ಬರುತ್ತದೆ. ಮೊನ್ನೆ ಹಾರ್ಡ್‌ಡಿಸ್ಕ್ ಹೋಯಿತು. ಅದರೊಳಗೆ ಐ386 ಎಂಬ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡುವ ಫೈಲುಗಳ ಒಂದು ಪ್ರತಿ ಇತ್ತು, ಅದೂ ಹೋಯಿತು. ಹೊಸ ಹಾರ್ಡ್‌ಡಿಸ್ಕ್ ಹಾಕಿಸಿ, ನೀವು ಕೊಟ್ಟ ಸೀಡಿ ಒಳಗೆ ತಳ್ಳಿದೆ. ನೀಲಿ ಪರದೆ ಬಂತು, ಹಳದಿ ಪಟ್ಟಿ ತೆವಳಿತು, ಅರ್ಧ ದಾರಿಯಲ್ಲಿ ನಿಂತಿತು. ಈ ಫೈಲನ್ನು ನಕಲು ಮಾಡಲಾಗುತ್ತಿಲ್ಲ. ಮತ್ತೆ ನೋಡಬೇಕಾದರೆ ಎಂಟರ್, ಇದೊಂದನ್ನು ಬಿಟ್ಟು ಮುಂದೆ ಹೋಗಬೇಕಾದರೆ ಎಸ್ಕೇಪ್, ಸಾಕಾಗಿದ್ದರೆ ಎಫ್3.

ಸಾಹೇಬರೇ, ನಿಮ್ಮ ಸರ್ವಿಸ್ ಸೆಂಟರ್ ನಡೆಯುವುದೂ ಈ ಮೂರೇ ಗುಂಡಿಗಳಿಂದ ಎಂದು ನನಗೆ ನಿನ್ನೆ ತಿಳಿಯಿತು. ಮೊದಲ ಕೌಂಟರಿನ ಹುಡುಗ ಎಂಟರ್: ‘ಈ ಟೋಕನ್ ಕ್ಯಾನ್ಸಲ್ ಆಗಿದೆ ಅಂಕಲ್, ಇನ್ನೊಂದು ತಗೊಳ್ಳಿ.’ ಎರಡನೇ ಕೌಂಟರಿನ ಮೇಡಂ ಎಸ್ಕೇಪ್: ‘ಸಾಫ್ಟ್‌ವೇರ್ ನಮ್ಮಲ್ಲಿ ಬರಲ್ಲ, ನಾವು ಹಾರ್ಡ್‌ವೇರ್.’ ಒಳಗಿನ ಗಾಜಿನ ಕೋಣೆಯ ಟೈ ಕಟ್ಟಿದವರು ಎಫ್3: ‘ಹೊಸ ಮೆಷಿನ್ ತಗೊಂಡ್ಬಿಡಿ ಸಾರ್, ಇಎಮ್‌ಐ ಇದೆ.’ ಊಟದ ಹೊತ್ತು ಮೀರಿತ್ತು. ಎಸಿಯ ತಂಪಿಗೆ ಮೊಣಕಾಲು ಹಿಡಿದುಕೊಂಡಿತ್ತು.

ಸೀಡಿ ನೋಡಿದ ನಿಮ್ಮ ಇಂಜಿನಿಯರು ಹೇಳಿದ ಮದ್ದನ್ನು ಮಾತ್ರ ಮರೆಯಲಾರೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಬೇಕಂತೆ! ಸೀಡಿ ಎಂದರೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ. ಬರಹ ಇರುವುದು ನಾವೆಲ್ಲ ಜೋಪಾನ ಮಾಡುವ ಹೊಳೆಯುವ ತಳದಲ್ಲಲ್ಲ, ಹೆಸರು ಅಚ್ಚಾದ ಮೇಲ್ಮೈಯ ಕೆಳಗೇ. ಅಲ್ಲಿ ಅಲ್ಯೂಮಿನಿಯಂನ ತೆಳ್ಳನೆ ಲೇಪ, ಅದರ ಮೇಲೆ ಒಂದು ಪದರ ವಾರ್ನಿಷ್, ಅಷ್ಟೇ. ತಳದ ಗೀರನ್ನು ಉಜ್ಜಿ ನಯ ಮಾಡಬಹುದು. ನನ್ನ ಸೀಡಿಯಲ್ಲಿ ಮೇಲಿನ ಲೇಪವೇ ಎದ್ದು ಹೋಗಿದೆ, ಬಲ್ಬಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಅಲ್ಲಿ ಓದಲು ಏನೂ ಉಳಿದಿಲ್ಲ, ಎಷ್ಟು ಪೇಸ್ಟ್ ತಿಕ್ಕಿದರೂ ಸೀಡಿಯ ಬಾಯಿ ವಾಸನೆ ಹೋಗಬಹುದು ಅಷ್ಟೇ. ಚಿಕ್ಕಪುಟ್ಟ ಊನವನ್ನು ಸೀಡಿ ತಾನೇ ಸರಿಪಡಿಸಿಕೊಳ್ಳುತ್ತದೆ. ಸಾಲಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಲೆಕ್ಕ ಹಾಕಿ ತುಂಬಿಕೊಳ್ಳುವ ಏರ್ಪಾಡನ್ನು ಸೀಡಿ ಕಂಡುಹಿಡಿದ ಫಿಲಿಪ್ಸ್, ಸೋನಿಯವರು ಆಗಲೇ ಮಾಡಿಟ್ಟಿದ್ದಾರೆ. ತೂತು ಸಾಸಿವೆ ಕಾಳಿನಷ್ಟಿದ್ದರೆ ನಾನು ನಿಮ್ಮ ಮುಖ ನೋಡುವ ಪ್ರಸಂಗ ಬರುತ್ತಿರಲಿಲ್ಲ. ಇದು ತೊಗರಿ ಕಾಳು.

ಬೇರೆಯವರ ಸೀಡಿ ತಂದು ಹಾಕಿಕೊಳ್ಳಿ ಎನ್ನುತ್ತೀರಿ. ಹಾಕಿ ನೋಡಿದ್ದೇನೆ ಸ್ವಾಮಿ. ಪರಿಚಯದ ಮೇಷ್ಟ್ರೊಬ್ಬರು ಅಟ್ಟದ ಮೇಲಿಂದ ಹುಡುಕಿ ಕೊಟ್ಟರು, ಅದೂ ಎಕ್ಸ್‌ಪಿ, ಅದೂ ಒರಿಜಿನಲ್. ಫೈಲುಗಳೆಲ್ಲ ಇಳಿದವು, ಕೀ ಕೇಳಿತು, ಕೊಟ್ಟೆ, ಇದು ತಪ್ಪು ಕೀ ಎಂದಿತು. ಏಕೆಂದರೆ ಅವರದು ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಸೀಡಿ, ನನ್ನದು ಯಂತ್ರದ ಜೊತೆ ಬಂದದ್ದು. ಎರಡಕ್ಕೂ ಕೀಗಳ ಜಾತಿ ಬೇರೆ. ಒಂದರ ಕೀ ಇನ್ನೊಂದರ ಪಂಕ್ತಿಯಲ್ಲಿ ಕೂರುವುದಿಲ್ಲ. ಹೋಮ್ ಬೇರೆ, ಪ್ರೊಫೆಷನಲ್ ಬೇರೆ, ಕಂಪನಿಗಳಿಗೆ ಸಗಟಾಗಿ ಕೊಡುವುದು ಬೇರೆ. ಹೆಣ್ಣು ಗಂಡಿನ ಜಾತಕ ಕೂಡಿಬಾರದೆ ಮದುವೆ ಕಾರ್ಡು ಕ್ಯಾನ್ಸಲ್ ಆದದ್ದನ್ನು ನನ್ನ ಅಂಗಡಿಯಲ್ಲಿ ಕಂಡಿದ್ದೇನೆ, ಆದರೆ ಸೀಡಿಯ ಗೋತ್ರ ಕೇಳುವವರನ್ನು ನೋಡಿದ್ದು ಇದೇ ಮೊದಲು.

‘ಎಕ್ಸ್‌ಪಿ ಸತ್ತು ಎಷ್ಟು ವರ್ಷ ಆಯ್ತು ಸಾರ್’ ಎಂದು ಟೈ ಕಟ್ಟಿದವರು ನಕ್ಕರು. ಗೊತ್ತಿದೆ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಹಾಕುವುದನ್ನು ನಿಲ್ಲಿಸಿತು. ನನ್ನ ಯಂತ್ರಕ್ಕೆ ಇಂಟರ್‌ನೆಟ್ಟಿನ ವೈರೇ ಇಲ್ಲ, ವೈರಸ್ಸು ಬರಬೇಕಾದರೆ ನಮ್ಮೂರ ಬಸ್ಸು ಹತ್ತಿಯೇ ಬರಬೇಕು. ಹೊಸ ವಿಂಡೋಸನ್ನು ಪೆನ್‌ಡ್ರೈವಿಗೆ ಬಿಟ್ಟಿ ಇಳಿಸಿಕೊಳ್ಳಬಹುದು ಎಂಬುದೂ ಗೊತ್ತು. ಆದರೆ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು. 11 ಬೇಕೆಂದರೆ 4 ಜಿಬಿ ರ್‍ಯಾಮ್, ಟಿಪಿಎಂ 2.0 ಎಂಬ ಚಿಪ್ಪು ಬೇಕು. ನನ್ನದರಲ್ಲಿರುವುದು 1 ಜಿಬಿ. ಚಿಪ್ಪು ಎಂದರೆ ತೆಂಗಿನದೇ.

ಅದೆಲ್ಲ ಇರಲಿ, ನನಗೆ ಹಳೆಯದೇ ಏಕೆ ಬೇಕು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಲಿಲ್ಲವಲ್ಲ. ಈ ಹೋಬಳಿಯ ಲಗ್ನಪತ್ರಿಕೆ, ಗೃಹಪ್ರವೇಶ, ಶಿವಗಣಾರಾಧನೆ, ಜಾತ್ರೆಯ ಕರಪತ್ರ ಎಲ್ಲ ನಾನು ಕೂರಿಸಿರುವುದು ಪೇಜ್‌ಮೇಕರಿನಲ್ಲಿ. 2001ರ 7ನೇ ಆವೃತ್ತಿಯೇ ಅದರ ಕೊನೆ, ಆಮೇಲೆ ಅದು ಬೆಳೆಯಲಿಲ್ಲ. ಅಕ್ಷರ ನುಡಿ ಎಂಬ ಕನ್ನಡ ತಂತ್ರಾಂಶದ್ದು, ಅದಕ್ಕೆ ಯುನಿಕೋಡ್ ಬರುವ ಮೊದಲಿನದು. ಆ ಫಾಂಟ್ ಇಲ್ಲದ ಕಡೆ ಫೈಲು ತೆರೆದರೆ ವಧು ವರ ಇಬ್ಬರೂ ಕೊಂಬು ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿ ನಿಲ್ಲುತ್ತಾರೆ. ಹೊಸ ವಿಂಡೋಸಿನಲ್ಲಿ ಪೇಜ್‌ಮೇಕರ್ ಬಾ ಎಂದರೆ ಬರುತ್ತದೆ, ಪ್ರಿಂಟ್ ಎಂದರೆ ಎದ್ದು ಹೋಗುತ್ತದೆ. ಅಷ್ಟು ವರ್ಷದ ಮ್ಯಾಟರು ಬೇರೆ ಡ್ರೈವಿನಲ್ಲಿ ಭದ್ರವಾಗಿದೆ. ತೆರೆಯುವ ಯಂತ್ರ ಮಾತ್ರ ಎಂಟರ್ ಎಸ್ಕೇಪ್ ಎನ್ನುತ್ತ ಕೂತಿದೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಇಂಜಿನಿಯರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದ್ದೇನು ಗೊತ್ತೇ? ‘ಹೊರಗಡೆ ಯಾವ ಅಂಗಡಿಗಾದರೂ ಹೋಗಿ, ಇನ್ನೂರು ಮುನ್ನೂರಕ್ಕೆ ಹಾಕಿಕೊಡ್ತಾರೆ. ಕೀನೂ ಬೇಡ.’

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ದುಡ್ಡು ಕೊಟ್ಟು ಕೊಂಡವನು ನಾನು. ಸ್ಟಿಕರ್ ಕಿತ್ತುಹೋಗದಂತೆ ಟೇಪು ಹಚ್ಚಿ ಕಾಪಾಡಿದವನು ನಾನು. ಬಿಲ್ಲು ಇದೆ, ಕೀ ಇದೆ, ತೂತು ಬಿದ್ದ ಸೀಡಿಯೂ ಇದೆ. ಅಂಥವನಿಗೆ ಕಳ್ಳಮಾಲು ಹಾಕಿಸಿಕೋ ಎಂದು ಕಂಪನಿಯ ಒಳಗೇ ಕೂತವನು ಹೇಳುತ್ತಾನೆ, ನಾಚಿಕೆ ಬೇಡವೇನ್ರೀ? ಕಳ್ಳ ಸೀಡಿ ಯಾರ ಜಾತಿಯನ್ನೂ ಕೇಳುವುದಿಲ್ಲ, ಎಲ್ಲರ ಯಂತ್ರಕ್ಕೂ ಇಳಿಯುತ್ತದೆ. ಒರಿಜಿನಲ್ ಕೊಂಡವನು ಮಾತ್ರ ಟೋಕನ್ ಹಿಡಿದು ಕೂರಬೇಕು. ನಾನು ಕೊಂಡದ್ದು ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಲ್ಲ, ಬಳಸುವ ಹಕ್ಕನ್ನು. ನಿಮ್ಮ ಕರಾರಿನಲ್ಲೂ ಹಾಗೇ ಬರೆದಿದೆ: ಸಾಫ್ಟ್‌ವೇರನ್ನು ಮಾರುವುದಿಲ್ಲ, ಬಳಸಲು ಪರವಾನಗಿ ಕೊಡುತ್ತೇವೆ. ಸರಿ, ಮಾರಲಿಲ್ಲ. ಹಾಗಾದರೆ ಬಿಲ್ಲೆಗೆ ತೂತು ಬಿದ್ದರೆ ಪರವಾನಗಿಗೂ ಬಿತ್ತೇ?

ನಮ್ಮ ಹೋಬಳಿಯಲ್ಲಿ ನಾಡಕಚೇರಿ ಇದೆ. ಅಲ್ಲಿಯ ಕ್ಯೂ, ಅಲ್ಲಿಯ ‘ಸರ್ವರ್ ಡೌನ್’ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪತ್ರವೇ ಬೇಕು. ಆದರೂ ಒಂದು ಮಾತು. ಭೂಮಿ ಯೋಜನೆಯಲ್ಲಿ ಆಗಿನ 176 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ನಮ್ಮ ಅಡಿಕೆ ತೋಟದ ಪಹಣಿಯನ್ನು ಇಲಿ ತಿಂದರೂ, ಮಗು ಹರಿದರೂ, ಸರ್ವೆ ನಂಬರ್ ಹೇಳಿ ಶುಲ್ಕ ಕಟ್ಟಿದರೆ ಇನ್ನೊಂದು ಪ್ರತಿ ಬರುತ್ತದೆ. ಕಾಗದ ಹೋಯಿತು, ತೋಟವೂ ಹೋಯಿತು, ಬೇಕಿದ್ದರೆ ಪಕ್ಕದವನ ತೋಟಕ್ಕೆ ರಾತ್ರಿ ಬೇಲಿ ಹಾರಿ ಹೋಗು ಎಂದು ಯಾವ ಗ್ರಾಮಲೆಕ್ಕಿಗನೂ ಹೇಳಿದ್ದಿಲ್ಲ.

ಆದ್ದರಿಂದ ಕೇಳುವುದು ಇಷ್ಟೇ. ನನ್ನ ಕೀಗೆ ಒಪ್ಪುವ ಅದೇ ಸೀಡಿಯ ಒಂದು ಪ್ರತಿ. ಬಿಲ್ಲೆಯ ಖರ್ಚು, ಅಂಚೆಯ ಖರ್ಚು ನನ್ನದು. ನಿಮ್ಮ ಗೋಡೌನಿನಲ್ಲಿ ಎಲ್ಲೋ ಒಂದು ಮೂಲ ಪ್ರತಿ ಇರಲೇಬೇಕು, ಇಲ್ಲ ಎಂದರೆ ನಾನು ನಂಬುವುದಿಲ್ಲ. ಲಗ್ನಸರಿ ಶುರುವಾಗಿದೆ, ಕಾರ್ಡಿನ ಪ್ರೂಫ್ ಎಲ್ಲಿ ಎಂದು ಹೆಣ್ಣಿನ ಕಡೆಯವರು ಬಾಗಿಲಿಗೆ ಬರುತ್ತಿದ್ದಾರೆ. ಅವರಿಗೆ ಯಾವ ಗುಂಡಿ ಒತ್ತಲು ಹೇಳಲಿ?

ಉತ್ತರ ಕಳಿಸುವಾಗ ದಯವಿಟ್ಟು ಮೇಡಂ ಹತ್ತಿರ ಕಳಿಸಬೇಡಿ, ಅವರು ಹಾರ್ಡ್‌ವೇರ್.

ಇಂತಿ,
ಅಕ್ಕಿ ಚೀಲದವನು

ವಿ.ಸೂ.: ಪತ್ರ ಕೈಬರಹದಲ್ಲಿದೆ, ಕಾರಣ ತಮಗೆ ತಿಳಿದೇ ಇದೆ. ತಾವು ಕಂಪ್ಯೂಟರಿನಲ್ಲಿ ಬರೆಯುವುದಾದರೆ ಫೈಲು ಕಳಿಸಬೇಡಿ, ಪ್ರಿಂಟ್ ತೆಗೆದು ಕಳಿಸಿ. ಸೀಡಿಯಲ್ಲಿ ಹಾಕಿ ಕಳಿಸಿದಿರೋ, ವಾಚ್‌ಮನ್ ಬೇಡವೆಂದರೂ ಈ ಸಲ ಎರಡು ಚೀಲ ತರುತ್ತೇನೆ. ಒಂದರಲ್ಲಿ ನಿಜವಾಗಿಯೂ ಅಕ್ಕಿ, ಮಧ್ಯಾಹ್ನದ ಊಟ ನಿಮ್ಮ ಹಾಲ್‌ನಲ್ಲೇ ಬೇಯಿಸಿಕೊಳ್ಳುತ್ತೇನೆ.